ನಾನೂರು ಹರ್ಟ್ಸ್ ಹೊರಗೆ

ಓಣಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ. ಓಣಿಯ ಅರ್ಧ ಮುದುಕರು ನಗುವುದೇ ಅವಳ ದಯೆಯಿಂದ ಎಂದು ಜನ ತಮಾಷೆ ಮಾಡುತ್ತಿದ್ದರು. ಆದರೆ ಅವಳ ಜೀವವೆಲ್ಲ ಇದ್ದದ್ದು ಒಳಕೋಣೆಯಲ್ಲಿದ್ದ, ಸಂದೇಶ ಕಳಿಸುವ ಮತ್ತು ಕೇಳುವ ರೇಡಿಯೊದಲ್ಲಿ. ಒಂದು ಕಾಲಕ್ಕೆ ಹಡಗಿನಲ್ಲಿ ರೇಡಿಯೊ ಆಪರೇಟರ್ ಆಗಿದ್ದ ಮಾವ, ಚುಕ್ಕೆ-ಗೆರೆಗಳಲ್ಲಿ ಮಾತಾಡುವ ಮೋರ್ಸ್ ಕಲಿಸಿದ್ದರು. ಪರೀಕ್ಷೆ ಪಾಸಾಗಿ, ಹವ್ಯಾಸಿ ಲೈಸೆನ್ಸ್ ಪಡೆದು, ಆರು ತಿಂಗಳು ಬೆಸುಗೆ ಹಾಕಿ ರೇಡಿಯೊವನ್ನು ಅವಳೇ ಕಟ್ಟಿದ್ದಳು.

ಸೋಮವಾರ ಮಧ್ಯಾಹ್ನ ಪರವಾನಗಿ ಕಚೇರಿಯಿಂದ ಪತ್ರ ಬಂತು. ಹನ್ನೆರಡನೇ ತಾರೀಕು ಸಂಜೆ ಅವಳ ಸಂಕೇತ ಹವ್ಯಾಸಿಗಳಿಗೆ ಮೀಸಲಾದ ತರಂಗಗಳ ಮೇರೆಯ ಹೊರಗೆ ಕೇಳಿಸಿದೆ. ಬೇರೊಂದು ಸೇವೆಯ ಸಂದೇಶಕ್ಕೆ ಅಡ್ಡಿಯಾಗಿದೆ. ಗುರುವಾರ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಬಂದು ತಪಾಸಣೆ ಮಾಡುತ್ತಾರೆ.

ಲೈಸೆನ್ಸಿನ ಚಿಂತೆ ಆಮೇಲಿನದು. ಅಡ್ಡಿಯಾದದ್ದು ಯಾರ ಸಂದೇಶಕ್ಕೆ? ಆ ಸಂಜೆ ಅವಳು ದೂರದ ಗೆಳತಿಯೊಬ್ಬಳ ಜೊತೆ, ಹಲ್ಲಿನ ಅಚ್ಚಿನ ಪ್ಲಾಸ್ಟರ್ ಯಾಕೆ ಬಿರುಕು ಬಿಡುತ್ತದೆ ಎಂದು ಅರ್ಧ ಗಂಟೆ ಮೋರ್ಸ್‌ನಲ್ಲಿ ಹರಟಿದ್ದಳು. ಅದೇ ಹೊತ್ತಿನಲ್ಲಿ ಯಾರೋ ಮುಳುಗುವ ದೋಣಿಯಿಂದ ಕೂಗುತ್ತಿದ್ದರೆ? ಮರುದಿನ ಒಬ್ಬ ಮೇಷ್ಟರ ಸೆಟ್ಟಿಗೆ ಎಡದ ಕೋರೆಹಲ್ಲನ್ನು ಬಲಕ್ಕೆ ಕೂರಿಸಿ, ಮತ್ತೆ ಕಿತ್ತಳು.

ಬುಧವಾರ ಬೆಳಿಗ್ಗೆ ಧೈರ್ಯ ಮಾಡಿ ರೇಡಿಯೊ ಬಿಚ್ಚಿದಳು. ಒಳಗೆ ಉಗುರಿನಷ್ಟು ದೊಡ್ಡ ಆಸಿಲೇಟರ್ ಚಿಪ್ ಇತ್ತು. ಪ್ರೋಗ್ರಾಮಿನಲ್ಲಿ ಯಾವ ಅಂಕಿ ಬರೆದರೆ ಆ ತರಂಗವನ್ನು ಅದು ಹುಟ್ಟಿಸುತ್ತದೆ. ಆದರೆ ಅದಕ್ಕೆ ತಾಳ ಹಾಕುವ ಹರಳು ಸ್ವಲ್ಪ ನಿಧಾನದ್ದು. ಎಷ್ಟು ನಿಧಾನ ಎಂದು ಅಳೆದು, ತಿದ್ದುಪಡಿಯ ಅಂಕಿಯನ್ನು ಪ್ರೋಗ್ರಾಮಿಗೆ ಸೇರಿಸಬೇಕು. ಹೋದ ತಿಂಗಳು ಅದನ್ನೂ ಮಾಡಿದ್ದಳು. ಅಷ್ಟರಲ್ಲಿ ದಂತವೈದ್ಯರ ಫೋನ್ ಬಂದು, ಫಲಿತಾಂಶ ನೋಡದೆ ಎದ್ದು ಹೋಗಿದ್ದಳು.

ಈಗ ನಿಖರ ಸಮಯ ಸಾರುವ ಕೇಂದ್ರವನ್ನು ಹತ್ತು ಮೆಗಾಹರ್ಟ್ಸ್‌ನಲ್ಲಿ ಹಿಡಿದಳು. ಅದರ ತರಂಗಕ್ಕೂ ಚಿಪ್ಪಿನ ತರಂಗಕ್ಕೂ ಅಂತರವಿದ್ದರೆ ಶಿಳ್ಳೆ ಕೇಳುತ್ತದೆ; ಎಲ್ಲ ಸರಿಯಿದ್ದರೆ ಅದು ಪೂರ್ತಿ ಅಡಗಬೇಕು. ಅಡಗಲಿಲ್ಲ, ಕಿವಿ ಕೊರೆಯಿತು. ನೋಟ್‌ಬುಕ್ ತೆಗೆದು ಪ್ರೋಗ್ರಾಮಿನ ಪಕ್ಕದಲ್ಲಿಟ್ಟಳು. ಕೂಡಬೇಕಾದ ಕಡೆ ಕಳೆದಿದ್ದಳು. ಹತ್ತು ಮೆಗಾಹರ್ಟ್ಸ್‌ಗೆ ಸಾವಿರ ಹರ್ಟ್ಸ್‌ನ ತಪ್ಪು ಎರಡು ಸಾವಿರವಾಗಿತ್ತು. ಅವಳು ಮಾತಾಡುತ್ತಿದ್ದ ಏಳು ಮೆಗಾಹರ್ಟ್ಸ್‌ನ ಅಂಚಿನಲ್ಲಿ, ಅದೇ ಪ್ರಮಾಣಕ್ಕೆ, ಅದು ಸಾವಿರದ ನಾನೂರು. ಅಂಚಿನಿಂದ ಸಾವಿರ ಒಳಗಿದ್ದೇನೆ ಎಂದುಕೊಂಡವಳು ನಿಜಕ್ಕೂ ಮೇರೆಯಿಂದ ನಾನೂರು ಹೊರಗಿದ್ದಳು. ಕೇಳುವುದಕ್ಕೂ ಅದೇ ಚಿಪ್ ಆದ್ದರಿಂದ ತಪ್ಪು ಎರಡೂ ಕಡೆ ಒಂದೇ ಆಗಿ, ಅವಳಿಗೆ ಅನುಮಾನವೇ ಬಂದಿರಲಿಲ್ಲ.

"ಈಗ್ಲೇ ಸರಿಮಾಡ್ಬಿಡಮ್ಮ," ಎಂದರು ಮಾವ. "ನಾಳೆ ಬಂದವರಿಗೆ ಏನು ಗೊತ್ತಾಗುತ್ತೆ?"

ಸರಿಮಾಡಿದಳು. ಶಿಳ್ಳೆ ಇಳಿಯುತ್ತ ಇಳಿಯುತ್ತ ಇಲ್ಲವಾಯಿತು. ಆ ನಿಶ್ಶಬ್ದದಲ್ಲಿ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ರೇಡಿಯೊ ಇಷ್ಟು ಸರಿಯಿದ್ದರೆ, ಅವತ್ತು ಬೇಕೆಂದೇ ಗೆರೆ ದಾಟಿದಳು ಎಂದಾಗುವುದಿಲ್ಲವೇ? ಅವಳು ತಪ್ಪು ಅಂಕಿಯನ್ನು ಮೊದಲಿದ್ದಂತೆಯೇ ವಾಪಸ್ ಬರೆದು, ಸ್ವಿಚ್ ಆರಿಸಿ, ಕೋಣೆಗೆ ಚಿಲಕ ಹಾಕಿದಳು.

ಗುರುವಾರ ಇನ್ಸ್‌ಪೆಕ್ಟರ್ ತಮ್ಮ ಮಾಪಕದ ಪೆಟ್ಟಿಗೆಯೊಂದಿಗೆ ಬಂದರು. ನಡುವಯಸ್ಸಿನ ಮಿತಭಾಷಿ. ಅವರು ಕೂರುವ ಮೊದಲೇ ಅವಳು ನೋಟ್‌ಬುಕ್ ಚಾಚಿದಳು. ನಡೆದದ್ದನ್ನೆಲ್ಲ ಹೇಳಿದಳು, ನಿನ್ನೆ ತಿದ್ದಿ ಮತ್ತೆ ಕೆಡಿಸಿದ್ದನ್ನೂ ಬಿಡಲಿಲ್ಲ. ಅವರು ಅಳೆದರು, ಬರೆದುಕೊಂಡರು, ಮತ್ತೆ ಅಳೆದರು.

ಕೊನೆಗೆ ಅವಳೇ ಕೇಳಿದಳು: "ಸರ್, ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಹವಾಮಾನದವರು ದೋಣಿಗಳಿಗೆ ಕಳಿಸೋ ವರದಿ ಅದು. ಅರ್ಧ ಗಂಟೆ ಬಿಟ್ಟು ಮತ್ತೆ ಕಳಿಸಿದ್ರು," ಎಂದರು. "ಅವತ್ತು ಗಾಳಿ ಇರ್ಲಿಲ್ಲ. ಇದ್ದಿದ್ರೆ ಬೇರೆ ಮಾತು."

ಮೊದಲ ಮಾತಿಗೆ ಅವಳು ಕುರ್ಚಿ ಎಳೆದುಕೊಂಡು ಕೂತಳು. ಕೊನೆಯ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಎರಡು ತಿಂಗಳು ಕೇಳಬಹುದು, ಕಳಿಸುವಂತಿಲ್ಲ ಎಂದು ಆದೇಶವಾಯಿತು. ಅಷ್ಟರಲ್ಲಿ ಅವಳು, ಬಿಸಿಗೆ ತಾಳ ತಪ್ಪುವ ಹರಳನ್ನು ಬಿಸಿಲಲ್ಲಿ, ತಂಪಲ್ಲಿ, ಮತ್ತೆ ಬಿಸಿಲಲ್ಲಿ ಅಳೆದು ಪುಟಗಟ್ಟಲೆ ಬರೆದಿಟ್ಟು, ತಿದ್ದುಪಡಿಯ ಅಂಕಿಯನ್ನು ಸರಿಮಾಡಿದಳು. ಅವಧಿ ಮುಗಿದ ದಿನ ಮಾವನ ಕೈಗೆ ಹೆಡ್‌ಫೋನ್ ಕೊಟ್ಟು, ಶಿಳ್ಳೆ ಪೂರ್ತಿ ಅಡಗಿದೆಯೇ ಎಂದು ಮೂರು ಸಲ ಕೇಳಿದಳು. ಅಡಗಿದೆ ಎಂದರು. ಆದರೂ ಅವತ್ತು ಮೋರ್ಸ್ ಕೀಲಿ ಒತ್ತಲು ಅವಳ ಬೆರಳು ಏಳಲಿಲ್ಲ. ಮರುದಿನ ಬೆಳಿಗ್ಗೆ ಒತ್ತಿದಳು, ಅಂಚಿನಿಂದ ಇಪ್ಪತ್ತು ಸಾವಿರ ಹರ್ಟ್ಸ್ ಒಳಗೆ.