ಅಕ್ಕಯ್ಯಮ್ಮನ ಮೂರು ಕಾಲೇಜು

ಕಾಲೇಜಿನ ಅಂಗಳದ ಬೆಂಚಿನ ಬಣ್ಣ ಇನ್ನೂ ಒಣಗಿಲ್ಲವೆಂದು ಬರೆದು ನೇತುಹಾಕಿದ್ದ ಹಲಗೆಯನ್ನು ಗೋಪೀನಾಥರಾಯರು ಓದಿದ್ದು ಕೂತ ಮೇಲೆ. ತಡಬಡಿಸಿ ಎದ್ದರು. ಮದುವೆ ಮುಂಜಿಗೆಂದು ಇಟ್ಟುಕೊಂಡಿದ್ದ ಒಂದೇ ಒಂದು ಕೋಟು ಅದು.

"ಬೆನ್ನ ಮೇಲೆ ಏನಾದರೂ ಕಾಣ್ತದಾ?" ಎಂದು ಪಕ್ಕದಲ್ಲಿದ್ದ ಅಕ್ಕಯ್ಯಮ್ಮನನ್ನು ಮೆಲ್ಲಗೆ ಕೇಳಿದರು.

"ನಾಕು ಹಸ್ರು ಪಟ್ಟೆ ಸಾಮಿ. ಒಂದು ಸೊಟ್ಟಗೈತೆ."

ಇನ್ನೊಬ್ಬರಾಗಿದ್ದರೆ ಏನೂ ಇಲ್ಲವೆಂದು ಸಮಾಧಾನ ಹೇಳುತ್ತಿದ್ದರು. ಅಕ್ಕಯ್ಯಮ್ಮನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಮೂಡಲಪಾಳ್ಯದಿಂದ ರಾಜಾಜಿನಗರಕ್ಕೆ ದಿನಾ ಹಾಲು ತರುತ್ತಿದ್ದವಳು. ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಇದ್ದ ಮನೆಗಳಲ್ಲಿ ಅರ್ಧಕ್ಕೆ ಅವಳದೇ ಹಾಲು. ಎಮ್ಮೆ ಕಮ್ಮಿ ಕರೆದ ದಿನ ಬಾಗಿಲಲ್ಲೇ ಹೇಳಿಬಿಡುತ್ತಿದ್ದಳು, ಇವತ್ತು ನೀರು ಜಾಸ್ತಿ ಐತೆ, ಕಾಫಿಗೆ ಬರಾಕಿಲ್ಲ ಅಂತ. ಹೀಗೆ ಹೇಳಿ ನೀರು ಬೆರೆಸುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳನ್ನು ಯಾರೂ ಬಿಟ್ಟಿರಲಿಲ್ಲ.

ಅವಳ ಮೊಮ್ಮಗಳು ತುಂಗಾ ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಸ್ಕೂಲಿಗೇ ಮೊದಲು ಬಂದಿದ್ದಳು. ಇಂಟರ್‌ಮೀಡಿಯೆಟ್‌ಗೆ ಸೈನ್ಸ್ ಸೇರಿ ಮುಂದೆ ಡಾಕ್ಟರಾಗಬೇಕೆಂದು ಹುಡುಗಿಯ ಹಟ. ಅವಳಪ್ಪ ತಿಮ್ಮಯ್ಯ ಒಂದು ಷರತ್ತು ಹಾಕಿದ್ದ: ಈ ಸಲ ಸೈನ್ಸ್ ಸೀಟು ಸಿಕ್ಕರೆ ಓದಲಿ, ಇಲ್ಲದಿದ್ದರೆ ಶ್ರಾವಣದಲ್ಲಿ ಉಲ್ಲಾಳದ ಹುಡುಗನಿಗೆ ಕೊಟ್ಟು ಮುಗಿಸೋದು. ಉಲ್ಲಾಳದ ಹುಡುಗನ ಹತ್ತಿರ ಡೈನಮೋ ಲೈಟಿನ ಸೈಕಲ್ಲಿತ್ತು. ಅದು ಸಾಮಾನ್ಯದ ಪೈಪೋಟಿಯಲ್ಲ.

ಅಕ್ಕಯ್ಯಮ್ಮ ಒಂದು ಬೆಳಿಗ್ಗೆ ಹಾಲು ಅಳೆದು ಹಾಕಿ, ಯಾವ ಕಾಲೇಜು ಅಂತ ನೀವೇ ಹೇಳಬೇಕು ಸಾಮಿ ಎಂದಾಗ ಗೋಪೀನಾಥರಾಯರ ಎದೆ ಉಬ್ಬಿತು. ಇಷ್ಟು ದೊಡ್ಡ ಬಡಾವಣೆಯಲ್ಲಿ ತನ್ನನ್ನೇ ಕೇಳಿದಳಲ್ಲ! ಒಳಗಿನಿಂದ ಹೆಂಡತಿ ಪಂಕಜಾ, "ನಿಮಗೆ ಗೊತ್ತಿರೋದು ಒಂದೇ ಕಾಲೇಜು. ಅದೂ ಇಂಟರ್‌ಮೀಡಿಯೆಟ್‌ಗೆ ಮೂರು ಸಲ ಕಟ್ಟಿದ್ದರಿಂದ," ಎಂದರು. ರಾಯರು ಕೇಳಿಸದವರಂತೆ ಕೆಮ್ಮಿದರು.

ಅಲ್ಲಿಂದ ಶುರುವಾಯಿತು ಗೊಂದಲ. ತಾವು ಕೆಲಸ ಮಾಡುವ ಕಾರ್ಖಾನೆಯ ಆಫೀಸಿನಲ್ಲಿ ಒಬ್ಬರನ್ನು ಕೇಳಿದರೆ, ಆ ಮಾರ್ಕಿಗೆ ದೊಡ್ಡ ಕಾಲೇಜೇ ಸರಿ ಎನ್ನುವರು. ಪಕ್ಕದ ಮೇಜಿನವರು, ಅಂಥ ಮಾರ್ಕಿನವರು ಅಲ್ಲಿ ಗುಡ್ಡೆ ಬಿದ್ದಿದ್ದಾರೆ, ಎರಡನೆಯದಕ್ಕೆ ಹಾಕಿ ಎನ್ನುವರು. ಬಸ್ಸಿನಲ್ಲಿ ಸಿಕ್ಕ ಮೇಷ್ಟರೊಬ್ಬರು, ಹೊಸ ಕಾಲೇಜಿಗೆ ಹಾಕಿದರೆ ಕರೆದು ಕೊಡುತ್ತಾರೆ ಎಂದರು. ಬೆಳಿಗ್ಗೆ ಮೇಲಿದ್ದ ಕಾಲೇಜು ರಾಯರ ತಲೆಯಲ್ಲಿ ಸಂಜೆಗೆ ಕೆಳಗಿಳಿದಿರುತ್ತಿತ್ತು. ಕೊನೆಗೆ ಯಾವುದನ್ನೂ ಆರಿಸಲಾಗದೆ ಮೂರಕ್ಕೂ ಹಾಕೋಣ ಎಂದರು: ಒಂದು ನಮಗಿಂತ ಒಂದು ಕೈ ಮೇಲಿನದು, ಒಂದು ನಮಗೆ ಸರಿಸಮನಾದದ್ದು, ಒಂದು ಯಾವುದೂ ಆಗದಿದ್ದರೆ ಕೈಬಿಡದಿರುವಂಥದ್ದು.

ಅಕ್ಕಯ್ಯಮ್ಮನಿಗೆ ಇದು ತಟ್ಟನೆ ಅರ್ಥವಾಯಿತು. "ಗಂಡು ನೋಡ್ದಂಗೆ," ಎಂದಳು.

ಹೌದು, ಹಾಗೇ, ಎಂದುಬಿಟ್ಟರು ರಾಯರು. ತಪ್ಪಾದದ್ದು ಅಲ್ಲೇ. ಮೂಡಲಪಾಳ್ಯದಲ್ಲಿ ಗಂಡು ನೋಡುವುದಕ್ಕೆ ಒಂದು ಮರ್ಯಾದೆಯಿತ್ತು. ಇನ್ನೊಂದು ಮನೆಯಲ್ಲಿ ಮಾತು ನಡೆದಿದ್ದರೆ ಈ ಮನೆಯವರಿಗೆ ಮುಚ್ಚಿಡುವ ಹಾಗಿಲ್ಲ.

ದೊಡ್ಡ ಕಾಲೇಜಿನ ಕಿಟಕಿಯಲ್ಲಿ ಅವಳು, ನಮಗೆ ನಿಮ್ಮದೇ ಮೊದಲನೇದು ಎಂದಳು. ಗುಮಾಸ್ತ ತಲೆಯೆತ್ತಲಿಲ್ಲ. ಎರಡನೆಯ ಕಾಲೇಜಿನಲ್ಲಿ, ಅವರು ಬೇಡ ಅಂದ್ರೆ ನಿಮ್ಮಲ್ಲಿಗೆ ಬರ್ತೀವಿ ಎಂದಳು. ಅಲ್ಲಿಯ ಗುಮಾಸ್ತ ತಲೆಯೆತ್ತಿ ನೋಡಿ, ಅರ್ಜಿಯನ್ನು ಕಟ್ಟಿನ ತೀರಾ ಅಡಿಗೆ ತಳ್ಳಿದ. ರಾಯರು ಹೊರಗೆ ಬಂದು ಅವಳಿಗೆ ಬುದ್ಧಿ ಹೇಳಿದರು. ಮುಂದಿನದರಲ್ಲಿ ಬಾಯಿ ಬಿಡಬೇಡಿ, ನಾನೇ ಮಾತಾಡ್ತೀನಿ. ಆಗಲಿ ಎಂದು ತಲೆಯಾಡಿಸಿದಳು.

ಮೂರನೆಯದು ಹೊಸ ಕಾಲೇಜು. ಕೋಣೆಗಳಿಗೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ. ಪ್ರಿನ್ಸಿಪಾಲ್ ಪದ್ಮನಾಭಯ್ಯನವರು ಮಾರ್ಕ್ಸ್ ಕಾರ್ಡನ್ನು ಎರಡು ಸಲ ಓದಿ, ಇಂಥ ಹುಡುಗಿ ಇಲ್ಲಿಗೇಕೆ ಎಂಬಂತೆ ನೋಡಿದರು. ರಾಯರು ಪಟ್ಟೆ ಕಾಣದಂತೆ ಗೋಡೆಗೆ ಬೆನ್ನು ಕೊಟ್ಟು, ಹುಡುಗಿಗೆ ಚಿಕ್ಕಂದಿನಿಂದ ಈ ಕಾಲೇಜೆಂದರೆ ಪ್ರಾಣ ಎಂದರು. ಆ ಕಾಲೇಜು ಹುಟ್ಟಿ ಆಗ ಎರಡು ವರ್ಷ.

ಪ್ರಿನ್ಸಿಪಾಲರು ಅಜ್ಜಿಯ ಕಡೆ ತಿರುಗಿದರು. "ಹೌದೇನಮ್ಮಾ?"

"ಇಲ್ಲ ಬುದ್ಧಿ. ನೀವು ಮೂರನೆಯವರು." ಬಾಯಿ ಬಿಡುವುದಿಲ್ಲವೆಂದು ಒಪ್ಪಿದ್ದು ಯಾರೂ ಕೇಳದೇ ಇದ್ದರೆ ಮಾತ್ರ ಎಂದು ರಾಯರಿಗೆ ಆಗ ಹೊಳೆಯಿತು. "ಆ ಎರಡು ಆಗ್ನಿಲ್ಲ ಅಂದ್ರೆ ಸೋಮವಾರ ಬರ್ತೀವಿ. ಅಲ್ಲೇ ಸೀಟು ಸಿಕ್ರೂ ಸೋಮವಾರ ಬಂದು, ಬರಾಕಿಲ್ಲ ಅಂತ ಹೇಳ್ತೀವಿ."

ಜೊತೆಗೆ ಬಂದಿದ್ದ ತುಂಗಾ ನೆಲ ನೋಡಿದಳು. ಪ್ರಿನ್ಸಿಪಾಲರು ಅರ್ಜಿಯನ್ನು ಬೇರೆಯಾಗಿ ತೆಗೆದಿಟ್ಟರು. ಕಸದ ಬುಟ್ಟಿಗೋ ಮೇಜಿನ ಖಾನೆಗೋ ರಾಯರಿಗೆ ಕಾಣಲಿಲ್ಲ. ಆ ರಾತ್ರಿ ಉಲ್ಲಾಳದ ಸೈಕಲ್ಲಿನ ಬೆಳಕು ಕನಸಿನಲ್ಲೆಲ್ಲ ಅವರನ್ನು ಅಟ್ಟಿಸಿಕೊಂಡು ಬಂತು.

ದೊಡ್ಡ ಕಾಲೇಜಿನ ಪಟ್ಟಿಯಲ್ಲಿ ತುಂಗಾಳ ಹೆಸರಿರಲಿಲ್ಲ. ಎರಡನೆಯದರಲ್ಲಿ ಇತ್ತು, ಆದರೆ ಸೈನ್ಸಿಗಲ್ಲ, ಚರಿತ್ರೆಗೆ. ತಿಮ್ಮಯ್ಯ ಆಗಲೇ ಉಲ್ಲಾಳಕ್ಕೆ ಹೇಳಿ ಕಳಿಸುವ ಮಾತಾಡಿದ. ಸೋಮವಾರ ಅಂದಿದೀನಿ, ಸೋಮವಾರ ಕಳೀಲಿ, ಎಂದು ಅಕ್ಕಯ್ಯಮ್ಮ ಅವನ ಬಾಯಿ ಮುಚ್ಚಿಸಿದಳು.

ಸೋಮವಾರ ಹೊಸ ಕಾಲೇಜಿಗೆ ಹೋದರೆ ಸೈನ್ಸಿನ ಸೀಟು ಭರ್ತಿಯೆಂದು ಹೊರಗೆ ಬರೆದು ಹಾಕಿತ್ತು. ರಾಯರು ಬಸ್ ಸ್ಟಾಪಿನ ಕಡೆ ತಿರುಗಿದರು. ಅಕ್ಕಯ್ಯಮ್ಮ ಹೇಳಿ ಹೋಗಬೇಕಲ್ಲ ಎಂದು ಒಳಗೆ ನಡೆದೇಬಿಟ್ಟಳು. ಪದ್ಮನಾಭಯ್ಯನವರು ಖಾನೆಯಿಂದ ತುಂಗಾಳ ಅರ್ಜಿ ತೆಗೆದರು. ಇದೇ ನಮ್ಮ ಪ್ರಾಣ ಅಂದವರಲ್ಲಿ ಅರ್ಧ ಜನ ಹೇಳದೆ ಕೇಳದೆ ಬೇರೆ ಕಡೆ ಸೇರಿದರು, ಬರುವ ದಿನ ಹೇಳಿ ಹೋದವರು ನೀವೊಬ್ಬರೇ, ಅದಕ್ಕೆ ಇವಳನ್ನೂ ಲೆಕ್ಕಕ್ಕೆ ಹಿಡಿದೇ ಭರ್ತಿ ಅಂತ ಬರೆಸಿದೆ, ಎಂದರು. ತುಂಗಾ ಸಹಿ ಹಾಕುವ ಆತುರದಲ್ಲಿ ಶಾಯಿ ಚೆಲ್ಲಿದಳು.

ಹಿಂದಿರುಗುವ ಬಸ್ಸಿನಲ್ಲಿ ರಾಯರಿಗೆ ಒಂದೇ ಯೋಚನೆ. ಸೀಟು ಸಿಕ್ಕಿದ್ದು ತನ್ನ ಉಪಾಯದಿಂದಲೋ, ತನ್ನ ಉಪಾಯ ಕೆಟ್ಟದ್ದರಿಂದಲೋ? ಬಿಡಿಸಲಾಗಲಿಲ್ಲ. ಒಂದು ಒಳ್ಳೆ ಮಾತಾದರೂ ಬರಲೆಂದು ಕೇಳಿದರು.

"ಅಲ್ಲ ಅಕ್ಕಯ್ಯಮ್ಮ, ರಾಜಾಜಿನಗರದಲ್ಲಿ ಅಷ್ಟೊಂದು ಓದಿದವರಿದ್ದಾರೆ. ನನ್ನನ್ನೇ ಯಾಕೆ ಕೇಳಿದಿರಿ?"

ಅಕ್ಕಯ್ಯಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಹೆಡ್ಮಾಸ್ಟ್ರು ಊರಲ್ಲಿರ್ನಿಲ್ಲ ಸಾಮಿ. ಮೂಲೆಮನೆ ಲಾಯರು ಬಾಗ್ಲು ತೆಗೀನಿಲ್ಲ. ನೀವು ಹೆಂಗೂ ಸಿಕ್ಕೇ ಸಿಗ್ತೀರಲ್ಲ."