ಎರಡೋಟಿನ ಹಾಲಮ್ಮ

ಹಾಲಮ್ಮನವರೇ, ನಿಮ್ಮನ್ನು ಮತಗಟ್ಟೆಯಿಂದ ಓಟು ಹಾಕಿಸದೆ ಹೊರಗೆ ಕಳಿಸಿದವಳು ನಾನೇ. ನಿಮ್ಮ ಬೆರಳಿನಲ್ಲಿದ್ದದ್ದು ಶಾಯಿಯಲ್ಲ ಎಂಬುದು ಅರ್ಧ ಗಂಟೆಯೊಳಗೆ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಊರಿನವರು ಇವತ್ತಿಗೂ ನಿಮ್ಮನ್ನು ಕರೆಯುವ ಆ ಹೆಸರಿದೆಯಲ್ಲ — ಅದು ಹುಟ್ಟಿದ್ದು ನನ್ನ ಬಾಯಿಂದ.

ನಮ್ಮ ಲೋಕಸಭಾ ಸ್ಥಾನ ತೆರವಾಗಿ ಉಪಚುನಾವಣೆ ಬಂದ ವರ್ಷ ಅದು. ನಾನಾಗ ಜಗಳೂರು ಕಡೆಯ ಒಂದು ಶಾಲೆಯಲ್ಲಿ ಟೀಚರ್. ಡ್ಯೂಟಿ ಬಿದ್ದದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ನಲ್ಲೂರಿನಿಂದ ಒಳಗಿರುವ ನಿಮ್ಮ ಊರಿನ ಶಾಲೆಯ ಮತಗಟ್ಟೆಯಲ್ಲಿ. ಮತದಾರರ ಬೆರಳಿಗೆ ಶಾಯಿ ಹಚ್ಚುವುದು, ರಿಜಿಸ್ಟರಿನಲ್ಲಿ ಸಹಿ ತೆಗೆದುಕೊಳ್ಳುವುದು ನನ್ನ ಕೆಲಸ. ಅದಕ್ಕೆ ಸ್ವಲ್ಪ ಮೊದಲು ಪಂಚಾಯಿತಿ ಚುನಾವಣೆ ಮುಗಿದಿತ್ತು. ಎಲ್ಲರ ತೋರುಬೆರಳಿನ ಉಗುರಿನಲ್ಲೂ ಅದರ ಗುರುತು ಇನ್ನೂ ಉಳಿದಿತ್ತು. ಹಾಗಾಗಿ ಈ ಸಲ ಎಡಗೈಯ ನಡುಬೆರಳಿಗೆ ಹಚ್ಚಬೇಕು, ಹಚ್ಚುವ ಮೊದಲು ಆ ಬೆರಳನ್ನು ಚೆನ್ನಾಗಿ ನೋಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಪಾಲಿಸುವವಳು — ಹಾಗೆಂದು ನನಗೆ ಭಾರಿ ಜಂಬವಿತ್ತು.

ನೀವು ಬಂದದ್ದು ಮಧ್ಯಾಹ್ನ. ಒಗೆದು ನೀಲಿ ಹಾಕಿದ ಬಿಳಿ ಸೀರೆ ಉಟ್ಟಿದ್ದಿರಿ. ಪಟ್ಟಿ ನೋಡುತ್ತಿದ್ದ ನ್ಯಾಮತಿಯ ಮೇಷ್ಟ್ರು ನಿಮ್ಮ ಹೆಸರು ಕೂಗಿ, ಅದರ ಕೆಳಗೆ ಕೆಂಪು ಗೆರೆ ಎಳೆದರು. ನೀವು ನನ್ನ ಮುಂದೆ ಎಡಗೈ ಚಾಚಿದಿರಿ. ನಡುಬೆರಳಿನ ಉಗುರಿನ ಬುಡದಲ್ಲಿ ಕಪ್ಪು. ಅಕ್ಕಪಕ್ಕದ ಬೆರಳುಗಳಿಗೂ ಹರಡಿದ ಕಪ್ಪು.

ನಮ್ಮೂರಿನಲ್ಲಿ ಬೆಳೆಯುವುದು ಮೆಕ್ಕೆಜೋಳ, ಶೇಂಗಾ. ಅಡಿಕೆಯೆಂದರೆ ನನಗೆ ಎಲೆಯ ಜೊತೆ ತಟ್ಟೆಯಲ್ಲಿ ಬರುವ ಚೂರು, ಅಷ್ಟೇ. ಹಸಿ ಅಡಿಕೆ ಸುಲಿದರೆ ಬೆರಳಿಗೆ ಕರೆ ಹತ್ತುತ್ತದೆ, ತೊಳೆದರೂ ಹೋಗುವುದಿಲ್ಲ ಎಂಬುದನ್ನು ಕಂಡವಳಲ್ಲ. ಬೆಳಿಗ್ಗೆ ಬೇರೆ ಯಾರದೋ ಹೆಸರಿನಲ್ಲಿ ಓಟು ಹಾಕಿ, ಶಾಯಿ ಉಜ್ಜಿ ಹರಡಿಕೊಂಡು, ಈಗ ಸ್ವಂತ ಹೆಸರಿಗೆ ಬಂದಿದ್ದಾಳೆ ಈ ಹೆಂಗಸು — ಹಾಗಂದುಕೊಂಡೆ. ಎಷ್ಟು ಬೇಗ ಅಂದುಕೊಂಡೆ ಎಂದು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಒಂದ್ಸಲ ಹಾಕಿ ಹೋಗಿ ಮತ್ತೆ ಬಂದೀರಲ್ಲ, ಎರಡೆರಡು ಓಟು ಹಾಕಾಕೆ ನಾಚಿಕೆ ಆಗಲ್ವೇನ್ರೀ?" ಎಂದೆ. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸಬೇಕೆಂದು ಬೆಳೆಸಿಕೊಂಡ ಧ್ವನಿ ನನ್ನದು. ಹೊರಗಿನ ಸಾಲಿಗೆಲ್ಲ ಕೇಳಿಸಿತು.

"ಇದು ಶಾಯಿ ಅಲ್ಲವ್ವ, ಅಡಿಕೆ ಕರೆ. ನಾನಿನ್ನೂ ಹಾಕೇ ಇಲ್ಲ" ಎಂದಿರಿ ನೀವು. ನಿಮ್ಮ ಧ್ವನಿ ಮೆಲ್ಲಗಿತ್ತು, ಅದು ಹೊರಗೆ ಕೇಳಿಸಲಿಲ್ಲ.

ನೆಪ ಹೇಳಬೇಡಿ ಎಂದೆ. ಮುಖ್ಯ ಅಧಿಕಾರಿ, ಹೊನ್ನಾಳಿಯವರು, ಆಗಷ್ಟೇ ಪಕ್ಕದ ಕೋಣೆಗೆ ಊಟಕ್ಕೆ ಹೋಗಿದ್ದರು. ಅವರನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಗೋಡೆಯ ಬದಿ ಕೂತಿದ್ದ ಪಕ್ಷಗಳ ಏಜೆಂಟರು ಅದೇ ಊರಿನವರು, ಕರೆ ಯಾವುದು ಶಾಯಿ ಯಾವುದು ಬಲ್ಲವರು. ಅವರೇಕೆ ಸುಮ್ಮನಿದ್ದರು ಎಂಬುದು ಅವರಿಗೆ ಬಿಟ್ಟದ್ದು. ನಾನು ಇಲ್ಲಿ ಹೇಳಬೇಕಾದದ್ದು ನನ್ನದು. ನೀವು ಸೆರಗನ್ನು ಬೆರಳುಗಳ ಮೇಲೆ ಎಳೆದುಕೊಂಡು ಹೊರಟುಹೋದಿರಿ.

ಅರ್ಧ ಗಂಟೆ ಕಳೆದಿರಬೇಕು. ಸುಲಿಯುವ ಕೆಲಸ ಬಿಟ್ಟು ನಾಲ್ವರು ಹೆಂಗಸರು ಒಟ್ಟಿಗೆ ಬಂದರು. ಮೊದಲನೆಯವರು ಕೈ ಚಾಚಿದರು — ಅದೇ ಕಪ್ಪು. ಎರಡನೆಯವರದೂ ಅದೇ. ಇದೇನೆಂದು ಕೇಳಿದ್ದಕ್ಕೆ ಅವರು ನಕ್ಕು, ಅಡಿಕೆ ಸುಲಿಯುವವರ ಕೈ ಮತ್ತೆ ಹೆಂಗಿರುತ್ತದೆ ಮೇಡಂ ಎಂದರು. ನಾಲ್ವರಿಗೂ ಆ ಕಪ್ಪಿನ ಮೇಲೆಯೇ ಶಾಯಿ ಎಳೆದು ಒಳಗೆ ಕಳಿಸಿದೆ.

ಆಗಿನ್ನೂ ಮತದಾನ ಮುಗಿಯಲು ಬೇಕಾದಷ್ಟು ಹೊತ್ತಿತ್ತು. ನಿಮ್ಮ ಮನೆ ಶಾಲೆಯ ಹಿಂದಿನ ಎರಡನೇ ಬೀದಿ. ಆ ನಾಲ್ವರಲ್ಲಿ ಒಬ್ಬರಿಗೆ ಹೇಳಿದ್ದರೆ ಸಾಕಿತ್ತು, ಕರೆದುಕೊಂಡು ಬರುತ್ತಿದ್ದರು. ನೋಟೀಸು ಬರುತ್ತದೆ, ಸಸ್ಪೆಂಡ್ ಮಾಡುತ್ತಾರೆ ಎಂದು ಹೆದರಿದೆ — ಹೀಗೆಂದೇ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅಷ್ಟು ಗಟ್ಟಿಯಾಗಿ ಬೈದವಳು ಅಷ್ಟೇ ಜನರ ಮುಂದೆ ಮೆತ್ತಗಾಗಬೇಕಲ್ಲ, ಅದು ಬೇಡವಾಗಿತ್ತು.

ಸಂಜೆ ಲೆಕ್ಕ ನೋಡುವಾಗ ನನ್ನ ರಿಜಿಸ್ಟರಿಗಿಂತ ಪಟ್ಟಿಯಲ್ಲಿ ಒಂದು ಕೆಂಪು ಗೆರೆ ಹೆಚ್ಚಿಗೆ ಬಂತು. ಆ ಗೆರೆ ಯಾರದೆಂದು ನನಗೆ ಗೊತ್ತಿತ್ತು. ಮೇಷ್ಟ್ರು ಎಲ್ಲೋ ಗೆರೆ ತಪ್ಪಿ ಎಳೆದಿರಬೇಕು ಸರ್ ಎಂದು ಮುಖ್ಯ ಅಧಿಕಾರಿಗೆ ಹೇಳಿದೆ. ಪಾಪ, ಇಡೀ ದಿನ ಕೂತು ಸುಸ್ತಾಗಿದ್ದ ಮೇಷ್ಟ್ರು ಇರಬಹುದು ಎಂದು ತಲೆಯಾಡಿಸಿದರು. ಹೀಗೆ ಸರ್ಕಾರದ ಕಾಗದದಲ್ಲಿ ನೀವು ಅಂದು ಓಟು ಹಾಕಿದವರಾಗಿಯೇ ಉಳಿದಿರಿ.

ವರ್ಗಾವಣೆಯಲ್ಲಿ ನಿಮ್ಮೂರ ಶಾಲೆ ನನ್ನ ಪಾಲಿಗೆ ಬಂದದ್ದು ಹೋದ ವರ್ಷ. ಮತಗಟ್ಟೆಯಾಗಿದ್ದ ಕೋಣೆಯೇ ನನ್ನ ಐದನೇ ತರಗತಿ. ಒಂದು ದಿನ ನಿಮ್ಮ ಮೊಮ್ಮಗಳು ಚೈತ್ರಾ ಅಳುತ್ತಾ ಕೂತಿದ್ದಳು. ಏನಾಯಿತೆಂದು ಕೇಳಿದರೆ ಜೊತೆಯ ಹುಡುಗಿ ಹೇಳಿದಳು — ಇವಳನ್ನು ಎಲ್ಲರೂ ಎರಡೋಟಿನ ಹಾಲಮ್ಮನ ಮೊಮ್ಮಗಳು ಎಂದು ಛೇಡಿಸುತ್ತಾರಂತೆ. ಆ ದಿನ ನಾನು ಪಾಠ ಮಾಡಲಿಲ್ಲ, ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಕಿಟಕಿಯ ಹತ್ತಿರ ನಿಂತಿದ್ದೆ.

ಆಮೇಲೆ ಮತದಾರರ ಪಟ್ಟಿಯ ಕೆಲಸವೂ ನನಗೇ ಬಂತು, ನಿಮ್ಮ ಮನೆಗೆ ಓಟಿನ ಚೀಟಿ ಕೊಡಲು ಬಂದೆ. ನೀವು ನನ್ನ ಗುರುತು ಹಿಡಿಯಲಿಲ್ಲ. ಚೈತ್ರಾಳ ಟೀಚರ್ ಎಂದು ಚಾಪೆ ಹಾಸಿದಿರಿ, ಚಹಾ ಕೊಟ್ಟಿರಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ನಿಮ್ಮ ಯಜಮಾನರ ಪಟ. ಅವರಿದ್ದಾಗ ಓಟಿನ ದಿನ ಇಬ್ಬರೂ ಬಿಳಿ ಬಟ್ಟೆ ತೊಟ್ಟು ಜೊತೆಯಾಗಿ ಹೋಗುತ್ತಿದ್ದದ್ದನ್ನು ಹೇಳಿದಿರಿ. ಊರಿನ ಗೌಡರು ನಿಂತ ಸಾಲಿನಲ್ಲೇ ನಾವೂ ನಿಲ್ಲುವ ದಿನ ಅದು, ಚೊಕ್ಕವಾಗಿ ಹೋಗಬೇಕು ಎನ್ನುತ್ತಿದ್ದರಂತೆ. ನಂತರ ನಾನು ಕೊಟ್ಟ ಚೀಟಿಯನ್ನು ನನಗೇ ವಾಪಸ್ ಕೊಟ್ಟಿರಿ.

"ನನಗೆ ಬ್ಯಾಡ ರೀ ಮೇಡಂ. ಈಗ ಸುಲಿಯಾಕೆ ಹೋಗಲ್ಲ, ಬೆರಳು ಚೊಕ್ಕ ಅದಾವೆ. ಆದ್ರೂ ಅಲ್ಲಿ ಕೈ ಚಾಚಾಕೆ ಆಗಲ್ಲ" ಎಂದಿರಿ.

ಅಂದು ಆ ಮೇಜಿನ ಹಿಂದೆ ಕೂತಿದ್ದವಳು ನಾನೇ ಎನ್ನಬೇಕಿತ್ತು. ಚಹಾ ಕುಡಿದು ಲೋಟ ಕೆಳಗಿಟ್ಟು ಎದ್ದುಬಂದೆ. ಅದು ಇನ್ನೊಂದು ತಪ್ಪು. ನಿಮ್ಮನ್ನು ಹೊರಗೆ ಕಳಿಸಿದ್ದಕ್ಕೆ ಅಡಿಕೆಯ ಕರೆ ಗೊತ್ತಿರಲಿಲ್ಲ ಎಂದಾದರೂ ಹೇಳಬಹುದು, ಇದಕ್ಕೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಇದನ್ನು ಬರೆದು ಚೈತ್ರಾಳ ಕೈಯಲ್ಲಿ ಕಳಿಸೋಣವೆಂದು ಮೊದಲು ಅಂದುಕೊಂಡಿದ್ದೆ. ಬೇಡ. ನಿಮ್ಮ ಅವಮಾನ ಓದುವ ಕೆಲಸ ಆ ಮಗುವಿಗೆ ಬೇಡ. ನಾಳೆ ಶಾಲೆ ಬಿಟ್ಟ ಮೇಲೆ ನಾನೇ ಬಂದು ನಿಮ್ಮ ಮುಂದೆ ಕೂತು ಓದುತ್ತೇನೆ. ನೀವು ಬೈದರೂ ಸರಿ, ಎದ್ದು ಹೋಗು ಎಂದರೂ ಸರಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಸೋಮವಾರ ಗ್ರಾಮಸಭೆ ಇದೆ, ನನ್ನ ತರಗತಿಯ ಕೋಣೆಯಲ್ಲೇ. ಏಜೆಂಟರಾಗಿದ್ದವರೂ ಬರುತ್ತಾರೆ, ಅಂದು ಸಾಲಿನಲ್ಲಿ ನಿಂತಿದ್ದವರೂ ಬರುತ್ತಾರೆ. ಕೊನೆಯ ಬೆಂಚಿಗೆ ಕೇಳಿಸುವ ಅದೇ ಧ್ವನಿಯಲ್ಲಿ ನಾನು ಎದ್ದು ನಿಂತು ಹೇಳುತ್ತೇನೆ — ಹಾಲಮ್ಮನವರು ಅವತ್ತು ಎರಡು ಓಟು ಹಾಕಲಿಲ್ಲ. ಒಂದನ್ನೂ ಹಾಕಲಿಲ್ಲ. ಹಾಕಲು ನಾನು ಬಿಡಲಿಲ್ಲ.