ಮೈಕಕ್ಕನ ದನಿ ಕೈಕೊಟ್ಟ ವರ್ಷ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಕ್ಕ ಅನ್ನುತ್ತಿದ್ದರು. ಗಾಜಿನ ಕೋಣೆಯಲ್ಲಿ ಕೂತು ಹತ್ತೊಂಬತ್ತು ವರ್ಷ ಮೈಕಿನಲ್ಲಿ ಬಸ್ಸುಗಳ ಹೊತ್ತು, ಪ್ಲಾಟ್‌ಫಾರಂ ನಂಬರು ಕೂಗಿದವಳು. ಅವಳ ದನಿಗೆ ತೂಕಡಿಸುತ್ತಿದ್ದವರೂ ದಡಬಡಿಸಿ ಏಳುತ್ತಿದ್ದರು.

ಆ ದನಿಯೇ ಕೈಕೊಟ್ಟಿತು. ಬೆಳಿಗ್ಗೆ ಖಣಖಣ ಅನ್ನುತ್ತಿದ್ದದ್ದು ಮಧ್ಯಾಹ್ನಕ್ಕೆ ಮೂಗಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸಂಜೆಗೆ ಎಡಗಣ್ಣಿನ ರೆಪ್ಪೆ ತಾನಾಗಿ ಇಳಿಯುತ್ತಿತ್ತು. “ಅಕ್ಕ ಹಾಕ್ಕೊಂಡೇ ಬರ್ತಾಳೆ ಕಣೋ” ಎಂದು ಚಾಲಕನೊಬ್ಬ ನಕ್ಕದ್ದು ಕಿವಿಗೆ ಬಿದ್ದರೂ ಮುಂದಿನ ಬಸ್ಸಿನ ನಂಬರು ಕೂಗಿದಳು. ಊಟದ ನಡುವೆ ದವಡೆ ಸೋತು, ಅವಳು ಗಲ್ಲಕ್ಕೆ ಕೈಯಾನಿಸಿ ಅಗಿಯುವುದನ್ನು ಕಂಡ ತಂಗಿ ಮರುದಿನವೇ ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಐವತ್ತರವರೆಗೆ ಗಟ್ಟಿಯಾಗಿ ಎಣಿಸಲು ಹೇಳಿದರು. ಮೂವತ್ತೆರಡಕ್ಕೆ ಮಾತು ಕರಗಿಹೋಯಿತು.

ರಕ್ತಪರೀಕ್ಷೆಯ ವರದಿ ಬಂದ ಮೇಲೆ ಅವರು ಬಿಡಿಸಿ ಹೇಳಿದರು: “ನರ ಒಂದು ರಾಸಾಯನಿಕ ಬಿಟ್ಟು ಸ್ನಾಯುವನ್ನ ಎಬ್ಬಿಸುತ್ತೆ. ಕೆಲಸ ಆದ ಕೂಡಲೆ ಒಂದು ಕಿಣ್ವ ಅದನ್ನ ಒಡೆದುಹಾಕುತ್ತೆ. ಎಲ್ಲರಲ್ಲೂ ಹೀಗೇ. ನಿಮ್ಮಲ್ಲಿ ಮಾತ್ರ, ಆ ರಾಸಾಯನಿಕ ಬಂದು ಕೂರೋ ಜಾಗಗಳನ್ನ ನಿಮ್ಮ ಮೈಯೇ ಹಾಳು ಮಾಡ್ತಿದೆ. ಉಳಿದ ಜಾಗಕ್ಕೆ ತಲುಪೋಷ್ಟರಲ್ಲಿ ಕಿಣ್ವ ಅದನ್ನ ಮುಗಿಸಿಬಿಡುತ್ತೆ. ಈ ಮಾತ್ರೆ ಕಿಣ್ವವನ್ನ ಸ್ವಲ್ಪ ತಡೆಯುತ್ತೆ.”

“ಹಾಗಾದ್ರೆ ನಾನು ಕುಡಿದಿಲ್ಲ ಅಂತ ಬರ್ಕೊಡ್ತೀರಾ, ಡಾಕ್ಟ್ರಮ್ಮ?”

ಡಾಕ್ಟರಮ್ಮ ನಗಲಿಲ್ಲ. ಬರೆದುಕೊಟ್ಟರು.

ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ರೆಪ್ಪೆ ಎದ್ದಿತು. ಆ ಹಿಗ್ಗೇ ಮುಳುವಾಯಿತು. ರಜೆಯ ನೂಕುನುಗ್ಗಲಿನ ದಿನ, ದನಿ ಕುಸಿದಾಗೆಲ್ಲ ಇನ್ನೊಂದು ಮಾತ್ರೆ, ಮತ್ತೊಂದು ಮಾತ್ರೆ. ನಾಲ್ಕು ಗಂಟೆಗೆ ಹೊಟ್ಟೆ ಹಿಂಡಿತು. ಬಾಯಿ ತುಂಬ ಜೊಲ್ಲು, ಮೈಯೆಲ್ಲ ಬೆವರು, ಉಸಿರು ಎಳೆದರೂ ಬಾರದು. ಟಿಕೆಟ್ ಕೌಂಟರಿನವನು ಬಾಗಿಲು ಒದ್ದು ತೆಗೆದು ಅವಳನ್ನು ಆಸ್ಪತ್ರೆಗೆ ಸಾಗಿಸಿದ.

ಆರು ದಿನ ಯಂತ್ರವೇ ಅವಳಿಗಾಗಿ ಉಸಿರಾಡಿತು. ಗಂಟಲಿನ ಕೊಳವೆ ತೆಗೆದ ದಿನ ಡಾಕ್ಟರಮ್ಮ ಹಾಸಿಗೆಯ ಅಂಚಿಗೆ ಕೂತರು. “ಆ ಕಿಣ್ವ ನಿಮ್ಮ ಶತ್ರು ಅಲ್ಲ. ಮಾತ್ರೆ ಹೆಚ್ಚಾಗಿ ಅದನ್ನ ಪೂರ್ತಿ ಕಟ್ಟಿಹಾಕಿದ್ರೆ ಆ ರಾಸಾಯನಿಕ ತುಂಬಿಕೊಂಡು, ಆಗ್ಲೂ ಸ್ನಾಯು ಸೋಲುತ್ತೆ.”

ತಂಗಿಗೆ ಸಿಟ್ಟು ತಡೆಯಲಾಗಲಿಲ್ಲ. “ನೀನು ಕೂಗದಿದ್ರೆ ಬಸ್ಸು ಹೊರಡ್ತಿರಲಿಲ್ವೇನೇ ಅಕ್ಕ?”

“ಹೊರಡ್ತಿತ್ತು,” ಎಂದಳು ಮೈಕಕ್ಕ. ಹೇಳಿದ್ದೇ ಬಿಕ್ಕಿಬಿಕ್ಕಿ ಅತ್ತಳು.

ಮೂಲ ರೋಗಕ್ಕೆ ಬೇರೆ ಚಿಕಿತ್ಸೆ ಶುರುವಾಯಿತು. ಅವಳೇ ಮೇಲಧಿಕಾರಿಯ ಬಳಿ ಹೋಗಿ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಸಾಕು ಎಂದು ಕೇಳಿಕೊಂಡಳು. ಉಳಿದ ಹೊತ್ತಿಗೆ ಹೊಸಬಳೊಬ್ಬಳು ಬಂದಳು. ಅವಳ ದನಿ ತೆಳು. ಮೈಕಕ್ಕ ಪಕ್ಕದಲ್ಲಿ ಕೂತು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು ಎಂದು ತಿದ್ದಿದಳು.

ಮಾತು ಉಳಿಯದ ಸಂಜೆಗಳಲ್ಲಿ ಅಕ್ಕತಂಗಿ ಅಡುಗೆಮನೆಯಲ್ಲಿ ಸುಮ್ಮನೆ ಕೂತು ಬಟಾಣಿ ಸುಲಿಯುತ್ತಾರೆ.